ಬಾರ್ಕೂರಿನಲ್ಲಿ ಇಬ್ನು ಬತೂತರ ಹೆಜ್ಜೆ

ನಿಮ್ಮಲ್ಲಿ ಎಷ್ಟು ಮಂದಿ ಬಾರ್ಕೂರಿಗೆ ಹೋಗಿದ್ದೀರಿ? ಉಡುಪಿಯವರೇ ಆಗಿದ್ದರೂ ನಾನು ನಲವತ್ತು ದಾಟುವವರೆಗೆ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಬ್ರಹ್ಮಾವರದಲ್ಲಿ ಹೆದ್ದಾರಿಯಿಂದ ಬಲಕ್ಕೆ ತಿರುಗುವ ಬಸ್ಸುಗಳ ಮೇಲೆ ಆ ಹೆಸರನ್ನು ಓದಿದ್ದೆ, ಅಷ್ಟೆ.

ಕಳೆದ ತಿಂಗಳು ಒಂದು ರವಿವಾರ ಹೊರಟೆವು. ಕಾಪುವಿನಿಂದ ನಾವು ಏಳು ಮಂದಿ, ಕಾರ್ಕಳದಿಂದ ಇಬ್ಬರು, ಮಣಿಪಾಲದಲ್ಲಿ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು. ನಾನೇ ಎಲ್ಲರನ್ನೂ ಹುರಿದುಂಬಿಸಿದ್ದೆ. "ಇಬ್ನು ಬತೂತ ಬಂದು ಹೋದ ಊರು, ನೋಡಲೇಬೇಕು" ಎಂದಿದ್ದೆ.

ಮೊರಾಕ್ಕೊದ ತಾಂಜಾದಲ್ಲಿ 1304ರಲ್ಲಿ ಹುಟ್ಟಿದ ಇವರ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಹಜ್ಜ್‌ಗೆಂದು ಮನೆ ಬಿಟ್ಟವರು ಊರಿಗೆ ಮರಳಿದ್ದು ಇಪ್ಪತ್ತನಾಲ್ಕು ವರ್ಷಗಳ ಮೇಲೆ. ದೆಹಲಿಯಲ್ಲಿ ಖಾಝಿಯಾಗಿದ್ದರು. 1342ರಲ್ಲಿ ಸುಲ್ತಾನ್ ಮುಹಮ್ಮದ್ ಬಿನ್ ತುಘ್ಲಕ್ ಇವರನ್ನು ಚೀನಾದ ದೊರೆಯ ಬಳಿಗೆ ರಾಯಭಾರಿಯಾಗಿ ಕಳಿಸಿದ. ಆ ದಾರಿಯಲ್ಲಿ ಅವರ ಹಡಗುಗಳು ನಮ್ಮ ಕರಾವಳಿಯುದ್ದಕ್ಕೂ ಸಾಗಿದವು. ಹೊನ್ನಾವರದ ಹೆಂಗಸರು ಕುರ್‌ಆನ್ ಬಾಯಿಪಾಠ ಮಾಡಿದ್ದಾರೆ, ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿವೆ, ಬೇರೆಲ್ಲೂ ಇಂಥದ್ದನ್ನು ಕಂಡಿಲ್ಲ ಎಂದು ಅವರು ಬರೆದಿದ್ದಾರೆ. ಇದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ, ಹೇಳುವಾಗ ಎದೆ ಉಬ್ಬುತ್ತದೆ. ಆ ಮೇಲೆ ಅವರು ಇಳಿದದ್ದು 'ಫಾಕನೂರ್' ಎಂಬಲ್ಲಿ. ಅದೇ ನಮ್ಮ ಬಾರ್ಕೂರು.

ವ್ಯಾನು ಉದ್ಯಾವರ ದಾಟುವಾಗ ಪುಸ್ತಕ ತೆಗೆದು ಓದಿ ಹೇಳಿದೆ. ಊರು ದೊಡ್ಡದು, ಹಿನ್ನೀರಿನ ದಡದಲ್ಲಿದೆ, ಕಬ್ಬು ಧಾರಾಳ, ಅಂಥ ಕಬ್ಬು ಈ ಸೀಮೆಯಲ್ಲಿ ಬೇರೆಲ್ಲೂ ಇಲ್ಲ. ಮುಸ್ಲಿಮರ ಮುಖಂಡ ಹುಸೈನ್ ಎಂಬವರು ಒಂದು ಜುಮಾ ಮಸೀದಿ ಕಟ್ಟಿಸಿದ್ದಾರೆ. ಖಾಝಿ ಇದ್ದಾರೆ, ಖತೀಬ್ ಇದ್ದಾರೆ. ದೊರೆ ಹಿಂದೂ, ಹೆಸರು ಬಾಸದೇವ. ಅವನು ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳಿಸಿ, ಇವರನ್ನು ದಡಕ್ಕೆ ಕರೆಸಿ, ಮೂರು ದಿನ ಆದರದಿಂದ ಸತ್ಕರಿಸಿದ. ಅಷ್ಟು ಓದಿ ಪುಸ್ತಕ ಮುಚ್ಚಿದೆ.

ಮಣಿಪಾಲದ ಹುಡುಗಿ ಮೊಬೈಲಿನಲ್ಲಿ ಅದೇ ಪುಸ್ತಕದ ಇಂಗ್ಲಿಷ್ ಅನುವಾದ ನೋಡುತ್ತಿದ್ದಳು. "ಟೀಚರ್, ನಡುವೆ ಎರಡು ಸಾಲು ಬಿಟ್ಟಿರಲ್ಲ?" ಅಂದಳು.

ಬಿಟ್ಟಿದ್ದೆ ನಿಜ. "ಆ ಮೇಲೆ ಓದೋಣ" ಎಂದು ಮಾತು ತಿರುಗಿಸಿದೆ. ಬ್ರಹ್ಮಾವರ ಬಂತು. ಅಲ್ಲಿದ್ದ ಸಕ್ಕರೆ ಕಾರ್ಖಾನೆ ಮುಚ್ಚಿಯೇ ವರ್ಷಗಳಾದವು. ಇಬ್ನು ಬತೂತರ ಕಬ್ಬಿನ ಮಾತು ನೆನಪಾಯಿತು.

ಸೀತಾನದಿ ದಾಟಿ ಬಾರ್ಕೂರು ಮುಟ್ಟಿದಾಗ, ಸತ್ಯ ಹೇಳಬೇಕೆಂದರೆ, ನಿರಾಸೆಯಾಯಿತು. ಆಳುಪರು ರಾಜಧಾನಿ ಮಾಡಿಕೊಂಡ ಊರು. ವಿಜಯನಗರದ ಕಾಲದಲ್ಲಿ ತುಳುನಾಡಿನ ಎರಡು ರಾಜ್ಯಗಳಲ್ಲಿ ಒಂದಕ್ಕೆ ಮಂಗಳೂರು, ಇನ್ನೊಂದಕ್ಕೆ ಇದೇ ಕೇಂದ್ರ. ಪೋರ್ಚುಗೀಸರು ಇಲ್ಲಿಂದ ಅಕ್ಕಿಯನ್ನು ಕಪ್ಪವಾಗಿ ಒಯ್ಯುತ್ತಿದ್ದರು. ಈಗ ಒಂದು ಸಣ್ಣ ಪೇಟೆ, ತೆಂಗಿನ ತೋಟ, ಗದ್ದೆ. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ ಎಂಬ ಹೆಸರುಗಳಲ್ಲಿ ಮಾತ್ರ ನಗರ ಉಳಿದಿದೆ. ಹಡಗು ನಿಲ್ಲುತ್ತಿದ್ದ ಹಂಗಾರಕಟ್ಟೆ ಇನ್ನೂ ಪಶ್ಚಿಮಕ್ಕೆ.

ನನಗೆ ಬೇಕಾಗಿದ್ದದ್ದು ಒಂದೇ, ಹುಸೈನರ ಮಸೀದಿ. ಮಾಲಿಕ್ ದೀನಾರ್ ತಂಡದವರು ಕಟ್ಟಿಸಿದರೆಂದು ಹೇಳುವ ಮೊದಲ ಮಸೀದಿಗಳ ಪಟ್ಟಿಯಲ್ಲಿ ಮಂಗಳೂರು, ಕಾಸರಗೋಡಿನ ಜೊತೆ ಬಾರ್ಕೂರಿನ ಹೆಸರೂ ಇದೆ. ಮಂಗಳೂರು ಬಂದರಿನ ಮಸೀದಿಯನ್ನು ನೋಡಿದ್ದೇವೆ, ತಳಂಗರೆಗೆ ಹೋಗಿದ್ದೇವೆ, ಇಲ್ಲಿನದು ಎಲ್ಲಿ? ಅಂಗಡಿಯಲ್ಲಿ ಕೇಳಿದೆ, ರಿಕ್ಷಾದವರನ್ನು ಕೇಳಿದೆ. ಏಳುನೂರು ವರ್ಷ ಹಿಂದಿನ ಜಾಗ ಇದೇ ಎಂದು ತೋರಿಸುವವರು ಸಿಗಲಿಲ್ಲ. ಬಿಸಿಲಿನಲ್ಲಿ ಒಂದು ಗಂಟೆ ಹೀಗೆಯೇ ಹೋಯಿತು. ಮಕ್ಕಳಿಬ್ಬರು ಸೋಡಾ ಬೇಕೆಂದು ಅಳತೊಡಗಿದರು.

ಕೊನೆಗೆ ಕಾರ್ಕಳದವರು ತಾಳ್ಮೆ ಕಳೆದುಕೊಂಡರು. "ಇಲ್ಲದ್ದನ್ನು ಹುಡುಕಿದ್ದು ಸಾಕು, ಇರುವುದನ್ನಾದರೂ ನೋಡುವ" ಎಂದು ನಮ್ಮನ್ನು ಕತ್ತಲೆ ಬಸದಿಗೆ ಎಳೆದುಕೊಂಡು ಹೋದರು. ಅವರಿಗೆ ಕಲ್ಲಿನ ಕಟ್ಟಡ ಹೊಸದಲ್ಲ. 1432ರಲ್ಲಿ ನಿಲ್ಲಿಸಿದ ಗೊಮ್ಮಟನ ಬುಡದಲ್ಲಿ, 1586ರ ಚತುರ್ಮುಖ ಬಸದಿಯ ಎದುರಲ್ಲಿ ಆಡಿ ಬೆಳೆದವರು. "ನಮ್ಮಲ್ಲಿನದು ಇದಕ್ಕಿಂತ ದೊಡ್ಡದು" ಎಂದು ಒಬ್ಬರು ಹೇಳಿದರೂ, ಕಂಬದ ಮೇಲೆ ಕೈಯಾಡಿಸುತ್ತಾ ತುಂಬಾ ಹೊತ್ತು ನಿಂತರು. ನಾನು ಗೇಟಿನ ಬಳಿ ಹಿಂಜರಿದೆ. ಹತ್ತು ಮಂದಿ ಬುರ್ಖಾದವರು ಒಟ್ಟಿಗೆ ಒಳಗೆ ಹೋದರೆ ಯಾರು ಏನು ಅನ್ನುವರೋ. ಈಗಿನ ದಿನಗಳಲ್ಲಿ ಈ ಅಳುಕು ನಿಮಗೂ ಗೊತ್ತಿರುವುದೇ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿಯೊಬ್ಬರು ಹೊರಗೆ ಬಂದು, "ಬಿಸ್ಲಂಗೆ ಎಂತಕ್ಕೆ ನಿಂತ್ರಿ? ನೀರ್ ಕುಡಿನಿ, ಒಳ್ಗ್ ಬನ್ನಿ" ಅಂದರು. ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಬಂತು. ಅವರ ಜಗಲಿಯಲ್ಲಿ ಕೂತು ಇಬ್ನು ಬತೂತರ ವಿಷಯ ಹೇಳಿದೆ. "ಅಷ್ಟ್ ದೂರದಿಂದ ಬಂದಿದ್ರಾ!" ಎಂದು ಅವರು ಬೆರಗಾದರು.

ಆ ಜಗಲಿಯಲ್ಲಿ ನನಗೆ ನೆನಪಾದದ್ದು ಅವರ ಚೀನಾದ ಪುಟಗಳು. ಝೈತೂನ್ ಎಂದು ಅವರು ಕರೆದ ನಗರ ಇಂದಿನ ಚುವಾನ್‌ಜೌ. ಜಗತ್ತಿನ ಅತಿ ದೊಡ್ಡ ಬಂದರುಗಳಲ್ಲಿ ಅದೊಂದು, ಸುಮಾರು ನೂರು ದೊಡ್ಡ ಹಡಗುಗಳನ್ನು ಅಲ್ಲಿ ಕಂಡೆ ಎಂದು ಬರೆದರು. ಪಿಂಗಾಣಿಯನ್ನು, ಕಾಗದದ ಹಣವನ್ನು ಬಣ್ಣಿಸಿದರು. ಪ್ರಯಾಣಿಕರಿಗೆ ಚೀನಾದಷ್ಟು ಸುರಕ್ಷಿತ ದೇಶವಿಲ್ಲ ಎಂದರು. ಆದರೂ ಆ ದೇಶ ನನಗೆ ಹಿಡಿಸಲಿಲ್ಲ ಎಂದೂ ಅವರೇ ಬರೆದಿದ್ದಾರೆ. ಹೊರಗೆ ಹೋದರೆ ಮನಸ್ಸಿಗೆ ಒಗ್ಗದ್ದೇ ಕಣ್ಣಿಗೆ ಬೀಳುತ್ತಿತ್ತಂತೆ. ಹಾಗಾಗಿ ಅಗತ್ಯವಿಲ್ಲದೆ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಮುಸ್ಲಿಮರು ಎದುರಾದರೆ ಸ್ವಂತ ನಂಟರನ್ನೇ ಕಂಡಂತಾಗುತ್ತಿತ್ತಂತೆ. ಒಂದೂರಿನಲ್ಲಿ ತಮ್ಮ ತಾಂಜಾಕ್ಕೆ ಹತ್ತಿರದ ಸಬ್ತಾದವರೊಬ್ಬರು ಸಿಕ್ಕಾಗ ಇಬ್ಬರೂ ಅತ್ತರು. ಚೀನಾದಲ್ಲಿ ಅವರು ನಿಜಕ್ಕೂ ಎಲ್ಲಿಯವರೆಗೆ ಹೋಗಿದ್ದರು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಅನುಮಾನಗಳಿವೆ, ಅದು ಬೇರೆ ಮಾತು. ಆ ಕಣ್ಣೀರಿನ ಬಗ್ಗೆ ನನಗೆ ಅನುಮಾನವಿಲ್ಲ. ಗಲ್ಫಿನಲ್ಲಿರುವ ಗಂಡ, ಮಕ್ಕಳಿಂದ ಇಂಥದ್ದನ್ನು ನಾವೆಲ್ಲ ಫೋನಿನಲ್ಲಿ ಕೇಳಿದವರೇ.

ಆದರೆ ಬಾಗಿಲು ಹಾಕಿಕೊಂಡು ಕೂತ ಆ ದಿನಗಳಲ್ಲಿ ಅವರಿಗೆ ಎಷ್ಟು ತಪ್ಪಿಹೋಯಿತೋ! ನಾನೂ ಆ ದಿನ ಅದನ್ನೇ ಮಾಡಿದ್ದೆ. ನನ್ನವರ ಒಂದು ಗೋಡೆಗಾಗಿ ಅಲೆದು, ಎದುರಿಗಿದ್ದ ಊರನ್ನೇ ನೋಡಿರಲಿಲ್ಲ. ಝೈತೂನಿನ ಅದೃಷ್ಟ ನೋಡಿ, 1009ರಲ್ಲಿ ಕಟ್ಟಿದ ಮಸೀದಿಯ ಕಲ್ಲಿನ ಬಾಗಿಲು, ಗೋಡೆಗಳು ಅಲ್ಲಿ ಇಂದಿಗೂ ನಿಂತಿವೆ. 2021ರಲ್ಲಿ ಆ ನಗರದ ಬೌದ್ಧ ವಿಹಾರ, ಸೇತುವೆ, ಮಸೀದಿ ಎಲ್ಲವೂ ಒಟ್ಟಾಗಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನಮ್ಮ ಬಾರ್ಕೂರಿನ ಕಂಬಗಳ ನಡುವೆ ಹುಲ್ಲು ಬೆಳೆದಿದೆ.

ಮರಳುವಾಗ ಹುಡುಗಿ ಬಿಡಲಿಲ್ಲ. "ಆ ಎರಡು ಸಾಲು, ಟೀಚರ್?"

ಓದಿದೆ. ಬಾಸದೇವನಿಗೆ ಮೂವತ್ತು ಯುದ್ಧನೌಕೆಗಳಿದ್ದವು. ಅವುಗಳ ನಾಯಕ ಲೂಲಾ ಎಂಬ ಮುಸ್ಲಿಂ. ಅವನು ದುಷ್ಟ, ಕಡಲ್ಗಳ್ಳ, ವರ್ತಕರನ್ನು ದೋಚುವವನು. ಇಬ್ನು ಬತೂತ ಇದನ್ನು ಮುಚ್ಚಿಡದೆ ಬರೆದಿದ್ದಾರೆ. ಸತ್ಕಾರ ಮಾಡಿದವನು ಹಿಂದೂ ದೊರೆ, ದೋಚುವವನು ನಮ್ಮವನು.

ವ್ಯಾನಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. "ಇಂಥದ್ದನ್ನೆಲ್ಲ ಮಕ್ಕಳ ಮುಂದೆ ಓದಬೇಕಾ ಟೀಚರ್?" ಎಂದು ಒಬ್ಬರು ಮೆಲ್ಲನೆ ಕೇಳಿದರು. ಹಿಂದಿನ ಸೀಟಿನಿಂದ, ನಮ್ಮೆಲ್ಲರಿಗಿಂತ ಹಿರಿಯರಾದ ಬೀಫಾತುಮ್ಮ, "ಅವನ ಉಮ್ಮ ಎಷ್ಟು ದುಃಖಪಟ್ಟಿರಬೇಕು ಪಾಪ" ಅಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಕಟಪಾಡಿ ತಲುಪುವಾಗ ಮಗ್ರಿಬ್ ಬಾಂಗ್ ಆಯಿತು. ಮಣಿಪಾಲದ ಹುಡುಗಿ ಇಳಿಯುವ ಮೊದಲೇ ನನ್ನ ಪುಸ್ತಕ ಇಸಿದುಕೊಂಡಿದ್ದಳು, ಇನ್ನೂ ಹಿಂದಿರುಗಿಸಿಲ್ಲ.