ಯಾವ ಹಜಾರಿಕಾ ನಮಗೆ ಬೇಕು?

ಭೂಪೇನ್ ಹಜಾರಿಕಾ ಅವರ ಮೆಚ್ಚಿನ ಹಾಡು ಯಾವುದೆಂದು ಕೇಳಿದರೆ ನಮ್ಮಲ್ಲಿ ಅನೇಕರು 1993ರ ‘ರುಡಾಲಿ’ ಚಿತ್ರದ ‘ದಿಲ್ ಹೂಂ ಹೂಂ ಕರೇ’ ಗೀತೆಯನ್ನೇ ಹೆಸರಿಸುತ್ತಾರೆ. ಅದು ಒಳ್ಳೆಯ ಹಾಡೇ. ಆದರೆ ಅದರ ಸಾಹಿತ್ಯ ಗುಲ್ಜಾರ್ ಅವರದು; ಧಾಟಿಯು ಹಜಾರಿಕಾ ಅವರ ಹಳೆಯ ಅಸ್ಸಾಮಿ ಹಾಡೊಂದರದು. ತಾವೇ ಬರೆದು, ರಾಗ ಕಟ್ಟಿ, ಹಾಡುತ್ತಿದ್ದ ಕವಿಯ ಅರ್ಧಭಾಗವಷ್ಟೇ ನಮ್ಮ ಆಯ್ಕೆಗೆ ದಕ್ಕಿದೆ.

ಉಳಿದರ್ಧ ಅಸ್ಸಾಮಿಯಲ್ಲಿದೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ಅವರಿಗೆ ಕಪ್ಪುಜನರ ಮಹಾಗಾಯಕ ಪಾಲ್ ರೋಬ್ಸನ್ ಅವರ ಒಡನಾಟ ದೊರೆಯಿತು. ರೋಬ್ಸನ್ ಹಾಡುತ್ತಿದ್ದ ಮಿಸಿಸಿಪ್ಪಿ ನದಿಯ ಗೀತೆಯ ಪ್ರೇರಣೆಯಿಂದ ‘ಬಿಸ್ತೀರ್ಣ ಪಾರೊರೆ’ ಹುಟ್ಟಿತು. ದಡದ ಜನರ ನೋವನ್ನು ಕಂಡೂ ಸುಮ್ಮನೆ ಹರಿಯುತ್ತಿರುವೆಯೇಕೆ ಎಂದು ಅದು ಲುಯಿತ್ ನದಿಯನ್ನು, ಅಂದರೆ ಬ್ರಹ್ಮಪುತ್ರವನ್ನು, ಜಗಳಕ್ಕೆ ಕರೆಯುತ್ತದೆ. ಬಂಗಾಳಿ, ಹಿಂದಿ ರೂಪಗಳಲ್ಲಿ ಲುಯಿತ್ ಗಂಗೆಯಾಯಿತು. ಹಾಡು ದೇಶದ್ದಾಯಿತು, ನಿಜ. ಆದರೆ ಅಸ್ಸಾಮಿನವನೊಬ್ಬ ಮನೆಯಂಗಳದ ನದಿಯನ್ನು ಗದರುವಾಗಿನ ಸಲುಗೆ ಗಂಗೆಯನ್ನು ಕೇಳುವಾಗ ಉಳಿಯುವುದಿಲ್ಲ.

1960ರಲ್ಲಿ ಭಾಷಾ ಗಲಭೆಗಳು ಅಸ್ಸಾಮನ್ನು ಸುಟ್ಟಾಗ ಅವರು ಹೇಮಾಂಗ ಬಿಸ್ವಾಸ್ ಅವರೊಡನೆ ಕಲಾವಿದರ ತಂಡ ಕಟ್ಟಿಕೊಂಡು ಊರೂರಿಗೆ ಹೋದರು. ಹಾರಾಧನ ಎಂಬ ಬಂಗಾಳಿ, ರಂಗಮನ ಎಂಬ ಅಸ್ಸಾಮಿ, ಈ ಇಬ್ಬರು ಬಡವರ ಕಥೆಯನ್ನು ಎರಡೂ ಭಾಷೆಗಳಲ್ಲಿ ಹಾಡಿದರು. ಹಾಡು ಇಂಥ ಕೆಲಸವನ್ನು ಮಾಡೀತೆಂದು ನಂಬುವ ರಾಜಕಾರಣಿ ಇಂದು ನಮಗೆ ಸಿಕ್ಕುವುದು ಕಷ್ಟ.

ಪಕ್ಷಗಳ ಲೆಕ್ಕಕ್ಕೂ ಅವರು ಸುಲಭವಾಗಿ ಸಿಕ್ಕುವವರಲ್ಲ. 1967ರಲ್ಲಿ ಪಕ್ಷೇತರರಾಗಿ ವಿಧಾನಸಭೆಗೆ ಗೆದ್ದ ಈ ಎಡಪಂಥೀಯ ರಂಗಭೂಮಿಯ ಗೆಳೆಯ, 2004ರಲ್ಲಿ ಗುವಾಹಟಿಯಿಂದ ಬಿಜೆಪಿ ಅಭ್ಯರ್ಥಿಯಾಗಿ ಸೋತರು. ಅಭಿಮಾನಿಗಳಲ್ಲಿ ಹಲವರಿಗೆ ಅದು ಇಂದಿಗೂ ನುಂಗಲಾರದ ತುತ್ತು.

2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು. ನಾಲ್ಕೇ ದಿನಗಳಲ್ಲಿ ಪ್ರಕಟವಾದ ಭಾರತರತ್ನದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ, ಹಜಾರಿಕಾ ಹೆಸರಿತ್ತು. ಗಾಯಕರಿಗೆ ಕೊಡುತ್ತಾರೆ, ಸ್ವಾಮೀಜಿಗೆ ಇಲ್ಲವೆಂದು ಮಲ್ಲಿಕಾರ್ಜುನ ಖರ್ಗೆ ಆಕ್ಷೇಪಿಸಿದರು. 2025ರ ಸೆಪ್ಟೆಂಬರ್‌ನಲ್ಲಿ, ಜನ್ಮಶತಮಾನೋತ್ಸವದ ಆರಂಭದ ಹೊತ್ತಿಗೆ, ಪ್ರಧಾನಿಯವರು ಆ ಮಾತನ್ನು ಅಸ್ಸಾಮಿನ ಸಭೆಯಲ್ಲಿ ಮತ್ತೆ ಕೆದಕಿದರು. ಸ್ವಾಮೀಜಿ ಪರವಾದ ಬೇಡಿಕೆ ನ್ಯಾಯವಾದದ್ದೇ. ಆದರೆ ಹಜಾರಿಕಾ ಬರೀ ‘ಗಾಯಕ’ರಾಗಿ ಕಂಡದ್ದು ನಾವು ‘ರುಡಾಲಿ’ಗೇ ನಿಂತುಬಿಟ್ಟದ್ದರಿಂದ. ಅದೇ 2019ರಲ್ಲಿ ಅವರ ಮಗ ತೇಜ್ ಹಜಾರಿಕಾ, ತಂದೆಯ ಹೆಸರನ್ನೂ ಹಾಡುಗಳನ್ನೂ ಹೊಗಳುತ್ತಲೇ ಅಲ್ಲಿನ ಜನ ಒಪ್ಪದ ಪೌರತ್ವ ಮಸೂದೆಯನ್ನು ತರಲಾಗುತ್ತಿದೆ ಎಂದು ಕೇಂದ್ರವನ್ನು ಟೀಕಿಸಿದ್ದರು. ಆಗಸ್ಟ್‌ನಲ್ಲಿ ಪ್ರಶಸ್ತಿಯನ್ನು ಸ್ವೀಕರಿಸಿದರು. ಸರ್ಕಾರಕ್ಕೂ ಮೆಚ್ಚಿನ ಹಾಡುಗಳಿರುತ್ತವೆ, ಮಾನವಪ್ರೇಮದವು ಹೆಚ್ಚಾಗಿ. ಅವು ಯಾರನ್ನೂ ಹೆಸರಿಟ್ಟು ಕೇಳುವುದಿಲ್ಲ.

ನನ್ನ ಆಯ್ಕೆ ‘ದೋಲಾ ಹೇ ದೋಲಾ’. ದೊಡ್ಡವರನ್ನು ಪಲ್ಲಕ್ಕಿಯಲ್ಲಿ ಹೊತ್ತು ಏರುಹಾದಿಯಲ್ಲಿ ನಡೆಯುವವರ ಹಾಡು ಅದು. ಲಯವೇ ಅವರ ಹೆಜ್ಜೆ. ಕೇಳುತ್ತ ತೂಗಾಡುವವರಿಗೆ ತಾವು ಹೊರುವವರ ಕಡೆಯವರೋ, ಒಳಗೆ ಕುಳಿತವರೋ ಎಂಬುದು ಮೂರನೆಯ ಚರಣದ ಹೊತ್ತಿಗಾದರೂ ಹೊಳೆಯದಿರದು.