ಪಗಾರದ ಬಿಲ್ ದೊಡ್ಡದು, ಖುರ್ಚಿ ಖಾಲಿ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗೆ ತಟ್ಟುವ ಬಜೆಟ್ ಲೆಕ್ಕ

ವಿಜಯಪುರ ಜಿಲ್ಲೆಯ ನಾಲ್ಕೂ ಹಳೆಯ ತಾಲೂಕುಗಳಲ್ಲಿ ಎರಡು ಮಾತು ಒಟ್ಟೊಟ್ಟಿಗೆ ಕೇಳಿಬರುತ್ತವೆ. ಒಂದು, ‘ಸರ್ಕಾರದ ರೊಕ್ಕ ಎಲ್ಲಾ ನೌಕರರ ಪಗಾರಕ್ಕ ಹೋಗತೈತಿ’. ಇನ್ನೊಂದು, ‘ಆಫೀಸಿಗೆ ಹೋದ್ರ ಕೆಲಸ ಮಾಡೋ ಮಂದೀನ ಇರಂಗಿಲ್ಲ’. ಕೇಳಲು ಒಂದಕ್ಕೊಂದು ತಾಳೆಯಾಗದ ಮಾತು. ಪಗಾರಕ್ಕೆ ಅಷ್ಟು ಹಣ ಹೋಗುತ್ತಿದ್ದರೆ ಮಂದಿ ತುಂಬಿರಬೇಕು. ಮಂದಿ ಇಲ್ಲದಿದ್ದರೆ ಹಣ ಉಳಿಯಬೇಕು. ಆದರೆ ರಾಜ್ಯದ ಬಜೆಟ್ ಲೆಕ್ಕ ಬಿಡಿಸಿ ನೋಡಿದರೆ ಎರಡೂ ನಿಜ. ಅಷ್ಟೇ ಅಲ್ಲ, ಒಂದಕ್ಕೆ ಇನ್ನೊಂದು ಕಾರಣವೂ ಹೌದು.

ನೂರು ರೂಪಾಯಿಯಲ್ಲಿ ಎಷ್ಟು?

2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ 2025-26ರ ಬಜೆಟ್ ಗಾತ್ರ 4,09,549 ಕೋಟಿ ರೂ. ಇದರಲ್ಲಿ ಸಾಲವೂ ಸೇರಿದೆ. ತೆರಿಗೆ, ಕೇಂದ್ರದ ಪಾಲು, ಅನುದಾನ ಎಲ್ಲ ಸೇರಿ ರಾಜ್ಯದ ಕೈಗೆ ಬರುವ ರಾಜಸ್ವ ಆದಾಯ ಅಂದಾಜು 2,92,477 ಕೋಟಿ. ನೌಕರರ ಸಂಬಳಕ್ಕೆ ಹೋಗುವುದು ಸುಮಾರು 85 ಸಾವಿರ ಕೋಟಿ.

ಒಟ್ಟು ಬಜೆಟ್ ಲೆಕ್ಕದಲ್ಲಿ ಇದು ನೂರಕ್ಕೆ 21 ರೂಪಾಯಿ. ಆದಾಯದ ಲೆಕ್ಕದಲ್ಲಿ ನೂರಕ್ಕೆ 29. ಸಭೆ, ಭಾಷಣಗಳಲ್ಲಿ ಒಬ್ಬರು ಒಂದು ಅಂಕಿ, ಇನ್ನೊಬ್ಬರು ಮತ್ತೊಂದು ಅಂಕಿ ಹೇಳುವುದು ಇದೇ ಕಾರಣಕ್ಕೆ. ಸಾಲ ತಂದ ಹಣವನ್ನು ದುಡಿಮೆ ಎಂದು ಯಾವ ಮನೆಯೂ ಎಣಿಸುವುದಿಲ್ಲ. ಹಾಗಾಗಿ ಎರಡನೇ ಅಂಕಿಯೇ ನಮ್ಮ ಮುಂದಿರಬೇಕು. ಸಂಬಳದ ಜೊತೆ ಪಿಂಚಣಿ ಮತ್ತು ಹಳೆಯ ಸಾಲದ ಬಡ್ಡಿ ಸೇರಿಸಿದರೆ ಆದಾಯದ ಅರ್ಧಕ್ಕಿಂತ ಹೆಚ್ಚು ಪಾಲು ಅಲ್ಲಿಗೇ ಮುಗಿಯುತ್ತದೆ. ಈ ಮೂರನ್ನೂ ಯಾವ ಪಕ್ಷದ ಸರ್ಕಾರ ಬಂದರೂ ಕೊಡಲೇಬೇಕು. ಐದು ಗ್ಯಾರಂಟಿಗಳಿಗೆ ಇಟ್ಟಿರುವ 51,034 ಕೋಟಿ ಇದಕ್ಕೆ ಹೊರತು.

ಇಷ್ಟರ ಮೇಲೆ ಉಳಿದದ್ದರಲ್ಲಿ ರಸ್ತೆ, ಕಾಲುವೆ, ಶಾಲಾ ಕೊಠಡಿ, ಆಸ್ಪತ್ರೆ. ಅದೂ ಸಾಲದು ಎಂದೇ ಆ ವರ್ಷ 19,262 ಕೋಟಿ ರಾಜಸ್ವ ಕೊರತೆ ತೋರಿಸಿ, 1.16 ಲಕ್ಷ ಕೋಟಿ ಸಾಲ ಎತ್ತುವ ಅಂದಾಜು ಮಾಡಲಾಯಿತು.

ಶೇ 58.5 ಏರಿಕೆ ಎಂಬುದು ಪೂರ್ತಿ ನಿಜವೇ?

ಸಂಬಳದ ಬಿಲ್ ಹಿಗ್ಗಲು ದೊಡ್ಡ ಕಾರಣ 7ನೇ ರಾಜ್ಯ ವೇತನ ಆಯೋಗ. ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಈ ಆಯೋಗ ರಚನೆಯಾದದ್ದು 2022ರ ನವೆಂಬರ್‌ನಲ್ಲಿ, ಬಸವರಾಜ ಬೊಮ್ಮಾಯಿ ಸರ್ಕಾರದ ಕಾಲಕ್ಕೆ. ವರದಿ ತಡವಾದಾಗ 2023ರ ಮಾರ್ಚ್ 1ರಂದು ನೌಕರರು ರಾಜ್ಯಾದ್ಯಂತ ಕೆಲಸ ನಿಲ್ಲಿಸಿದರು. ಅದೇ ದಿನ ಶೇ 17 ಮಧ್ಯಂತರ ಪರಿಹಾರದ ಆದೇಶ ಬಂತು. ವರದಿ 2024ರ ಮಾರ್ಚ್‌ನಲ್ಲಿ ಸರ್ಕಾರದ ಕೈ ಸೇರಿತು. 2024ರ ಆಗಸ್ಟ್ 1ರಿಂದ ಹೊಸ ವೇತನ ಜಾರಿಯಾಯಿತು. ಕನಿಷ್ಠ ಮೂಲ ವೇತನ 17,000ದಿಂದ 27,000 ರೂ.ಗೆ, ಕನಿಷ್ಠ ಪಿಂಚಣಿ 8,500ರಿಂದ 13,500ಕ್ಕೆ ಏರಿತು. ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಹೊರೆ ಎಂದು ಸರ್ಕಾರವೇ ಹೇಳಿತು.

‘ಶೇ 58.5 ಏರಿಕೆ’ ಎಂದು ಎಲ್ಲೆಡೆ ಸುದ್ದಿಯಾಯಿತು. ಇದರಲ್ಲಿ ಶೇ 31 ಅದಾಗಲೇ ಕೊಡುತ್ತಿದ್ದ ತುಟ್ಟಿಭತ್ಯೆ. ಅದನ್ನು ಮೂಲ ವೇತನದಲ್ಲಿ ವಿಲೀನ ಮಾಡಿದ್ದು. ಹೊಸದಾಗಿ ಸೇರಿದ್ದು ಶೇ 27.5 ಫಿಟ್‌ಮೆಂಟ್. 100 ರೂ. ಮೂಲ ವೇತನದವರ ಲೆಕ್ಕ ಹಾಕಿ. 2024ರ ಜುಲೈನಲ್ಲಿ ಅವರಿಗೆ ಶೇ 42.5 ತುಟ್ಟಿಭತ್ಯೆ, ಶೇ 17 ಮಧ್ಯಂತರ ಪರಿಹಾರ ಸೇರಿ 159.50 ರೂ. ಬರುತ್ತಿತ್ತು. ಆಗಸ್ಟ್‌ನಲ್ಲಿ 158.50 ಮೂಲ ವೇತನ, ಅದರ ಮೇಲೆ ಶೇ 8.5 ತುಟ್ಟಿಭತ್ಯೆ ಸೇರಿ ಸುಮಾರು 172 ರೂ. ಆಯಿತು. ಆ ತಿಂಗಳ ನಿಜವಾದ ಏರಿಕೆ ಶೇ 8ರ ಆಸುಪಾಸು. ಮಧ್ಯಂತರ ಪರಿಹಾರವನ್ನೂ ಹೊಸ ಹಣವೆಂದು ಹಿಡಿದರೆ ಶೇ 20ರ ಆಸುಪಾಸು. ಸಣ್ಣದೇನಲ್ಲ, ಆದರೆ 58.5 ಅಂತೂ ಅಲ್ಲ.

ಹಳೆಯ ಪಿಂಚಣಿ ಎಲ್ಲರಿಗೂ ಇದೆ ಎಂಬ ತಿಳಿವಳಿಕೆಯೂ ಸರಿಯಲ್ಲ. 2006ರ ಏಪ್ರಿಲ್ 1 ಮತ್ತು ಅದರ ನಂತರ ಸೇರಿದವರು ಎನ್‌ಪಿಎಸ್‌ಗೆ ಬರುತ್ತಾರೆ. ಸಂಬಳದ ಶೇ 10 ಅವರು, ಶೇ 14 ಸರ್ಕಾರ ತುಂಬಬೇಕು. ಹಳೆಯ ಪಿಂಚಣಿ ಇರುವ ಕೊನೆಯ ತಂಡದಲ್ಲಿ 25ನೇ ವಯಸ್ಸಿಗೆ ಸೇರಿದವರು 60 ತುಂಬಿ ನಿವೃತ್ತರಾಗುವುದು 2040ರ ಸುಮಾರಿಗೆ. ಅಲ್ಲಿಯವರೆಗೆ ಸರ್ಕಾರ ಹಳೆಯವರ ಪಿಂಚಣಿಯನ್ನೂ ಕೊಡಬೇಕು, ಹೊಸಬರ ವಂತಿಗೆಯನ್ನೂ ಕಟ್ಟಬೇಕು. ಮುಂದಿನ 15 ವರ್ಷ ಈ ಭಾರ ಇಳಿಯುವ ಲಕ್ಷಣವಿಲ್ಲ.

ಖಾಲಿ ಖುರ್ಚಿಯ ಉಳಿತಾಯ

ಈಗ ಎರಡನೇ ಮಾತಿಗೆ ಬರೋಣ. ರಾಜ್ಯದಲ್ಲಿ ಮಂಜೂರಾದ ಹುದ್ದೆಗಳು ಏಳೂವರೆ ಲಕ್ಷಕ್ಕಿಂತ ಹೆಚ್ಚು. ಅದರಲ್ಲಿ ಖಾಲಿ ಇರುವುದು ಎರಡೂವರೆ ಲಕ್ಷಕ್ಕೂ ಮಿಕ್ಕಿ. ಅಂದರೆ ಮೂರು ಖುರ್ಚಿಯಲ್ಲಿ ಒಂದು ಖಾಲಿ.

ಎರಡೂವರೆ ಲಕ್ಷ ಮಂದಿಗೆ ತೀರಾ ಕೆಳಗಿನ 27,000 ರೂ. ಮೂಲ ವೇತನವನ್ನೇ ಕೊಟ್ಟರೂ ತಿಂಗಳಿಗೆ 675 ಕೋಟಿ, ವರ್ಷಕ್ಕೆ 8,100 ಕೋಟಿ ಬೇಕು. ಇದಕ್ಕೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರಿಸಬೇಕು. ಶಿಕ್ಷಕರು, ಇಂಜಿನಿಯರುಗಳು, ವೈದ್ಯರ ವೇತನ ಶ್ರೇಣಿ ಇದಕ್ಕಿಂತ ಎಷ್ಟೋ ಮೇಲೆ. ಹಾಗಾಗಿ ನಿಜವಾದ ಮೊತ್ತ ಇದಕ್ಕಿಂತ ಬಹಳ ದೊಡ್ಡದು. ಹುದ್ದೆ ತುಂಬದೆ ಬಿಟ್ಟಿದ್ದರಿಂದ ಈ ಹಣ ಪ್ರತಿ ವರ್ಷ ಉಳಿಯುತ್ತಿದೆ. ಇರುವವರ ಪಗಾರ ಏರಿಸಿದ ಭಾರವನ್ನು ಒಂದು ಮಟ್ಟಿಗೆ ಹೊತ್ತಿರುವುದು ಇದೇ ಉಳಿತಾಯ. ಪಗಾರದ ಬಿಲ್ ದೊಡ್ಡದಾದಷ್ಟೂ ಹೊಸ ನೇಮಕಾತಿಗೆ ಆರ್ಥಿಕ ಇಲಾಖೆ ಒಪ್ಪಿಗೆ ಕೊಡಲು ಹಿಂದೆಮುಂದೆ ನೋಡುತ್ತದೆ. ಎರಡು ಮಾತೂ ಒಂದೇ ಗಂಟಿನಲ್ಲಿ ಸೇರುವುದು ಇಲ್ಲಿ.

ಹಣವೊಂದೇ ಕಾರಣವಲ್ಲ ಎಂಬುದೂ ನಿಜ. ಪರಿಶಿಷ್ಟ ಜಾತಿ ಒಳಮೀಸಲಾತಿ ಕುರಿತ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ, 2024ರ ಅಕ್ಟೋಬರ್ ಕೊನೆಯಲ್ಲಿ ಸಚಿವ ಸಂಪುಟ ಹೊಸ ನೇಮಕಾತಿ ಅಧಿಸೂಚನೆಗಳನ್ನು ತಡೆಹಿಡಿಯಿತು. ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗದ ವರದಿ ಬಂದು, ಸಂಪುಟ ಹಂಚಿಕೆ ಒಪ್ಪಿದ್ದು 2025ರ ಆಗಸ್ಟ್‌ನಲ್ಲಿ. ಈ ನಡುವೆ ವಿಜಯಪುರ, ಧಾರವಾಡದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ನಮ್ಮ ಹುಡುಗ, ಹುಡುಗಿಯರ ವಯೋಮಿತಿಯ ಒಂದು ವರ್ಷ ಹಾಗೇ ಕಳೆಯಿತು.

ನಾಲ್ಕು ತಾಲೂಕು ಹತ್ತಾದವು, ಮಂದಿ?

ಈ ಭಾಗದಲ್ಲಿ ಖಾಲಿ ಹುದ್ದೆಯ ಬಿಸಿ ಹೆಚ್ಚು ತಟ್ಟಲು ಬೇರೆ ಕಾರಣವೂ ಇದೆ. ಇಂಡಿಯಿಂದ ಚಡಚಣ ಬೇರೆಯಾಯಿತು. ಸಿಂದಗಿಯಿಂದ ದೇವರಹಿಪ್ಪರಗಿ, ಆಮೇಲೆ ಆಲಮೇಲ. ಮುದ್ದೇಬಿಹಾಳದಿಂದ ತಾಳಿಕೋಟಿ. ಬಸವನ ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರ. ನಾಲ್ಕು ತಾಲೂಕು ಹತ್ತಾದವು. ಜನರಿಗೆ ಕಚೇರಿ ಹತ್ತಿರವಾಗಲಿ ಎಂಬುದು ಉದ್ದೇಶ, ಅದು ಒಳ್ಳೆಯದೇ. ಆದರೆ ತಹಶೀಲ್ದಾರ್ ಕಚೇರಿಗೆ ಬೋರ್ಡ್ ಹಾಕಿದಷ್ಟು ಬೇಗ ಭೂಮಾಪಕರು, ಶಿರಸ್ತೇದಾರರು, ಇಂಜಿನಿಯರುಗಳು ಬರುವುದಿಲ್ಲ. ಹಳೆಯ ತಾಲೂಕಿನ ನೌಕರರನ್ನೇ ನಿಯೋಜನೆ ಮೇಲೆ ಹೊಸ ಕಡೆಗೆ ಕಳಿಸಿದರೆ ಎರಡೂ ಕಡೆ ಅರೆಬರೆ.

ಇನ್ನೊಂದು ತೊಡಕು ಗಡಿಯದು. ಭೀಮಾ ನದಿ ಆಚೆಯ ಅಫಜಲಪುರ, ತಾಳಿಕೋಟಿ ಆಚೆಯ ಹುಣಸಗಿ, ಸುರಪುರ ಇವೆಲ್ಲ 371(ಜೆ) ವ್ಯಾಪ್ತಿಗೆ ಬರುತ್ತವೆ. ಅಲ್ಲಿ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಸ್ಥಳೀಯರಿಗೆ ಮೀಸಲು. ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲಿ ಓಡಾಡುವ ಬಸ್ಸಿನ ಮೇಲೆ ‘ಕಲ್ಯಾಣ ಕರ್ನಾಟಕ’ ಎಂದು ಬರೆದಿದ್ದರೂ ವಿಜಯಪುರ ಜಿಲ್ಲೆ ಆ ವ್ಯಾಪ್ತಿಯಲ್ಲಿ ಇಲ್ಲ. ಹಾಗಾಗಿ ಇಲ್ಲಿನ ಯುವಕರು ರಾಜ್ಯದ ಸಾಮಾನ್ಯ ನೇಮಕಾತಿಯನ್ನೇ ನೆಚ್ಚಬೇಕು. ಅದು ನಿಂತರೆ ಬೇರೆ ಬಾಗಿಲಿಲ್ಲ.

ಕೆಲಸ ಅದೇ, ಪಗಾರ ಬೇರೆ

ಖುರ್ಚಿ ಖಾಲಿ ಎಂದು ಕೆಲಸ ನಿಲ್ಲುವುದಿಲ್ಲ. ಅದನ್ನು ಬೇರೆಯವರು ಮಾಡುತ್ತಾರೆ, ಬೇರೆ ದರದಲ್ಲಿ. ರಾಜ್ಯದಲ್ಲಿ 40 ಸಾವಿರಕ್ಕೂ ಹೆಚ್ಚು ಅತಿಥಿ ಶಿಕ್ಷಕರಿದ್ದಾರೆ. 2025-26ರ ಬಜೆಟ್‌ನಲ್ಲಿ 2,000 ರೂ. ಏರಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,000, ಪ್ರೌಢಶಾಲೆಯವರಿಗೆ 12,500. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಬಿಸಿಯೂಟದ ಮುಖ್ಯ ಅಡುಗೆಯವರಿಗೆ 1,000 ಏರಿಸಿದ ಮೇಲೂ 4,700 ರೂ. ಅದೇ ಶಾಲೆಯ ‘ಡಿ’ ಗುಂಪಿನ ಕಾಯಂ ಹುದ್ದೆ ತುಂಬಿದ್ದರೆ ಅಲ್ಲಿ ಕೂತವರಿಗೆ ಮೂಲ ವೇತನವೇ 27,000. ಬಿ.ಇಡಿ ಮುಗಿಸಿ ಪಾಠ ಮಾಡುವವರಿಗೆ ಅದರ ಅರ್ಧವೂ ಸಿಗುತ್ತಿಲ್ಲ.

ಅಂಗನವಾಡಿ, ಆಶಾ ಕಾರ್ಯಕರ್ತೆಯರು, ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್‌ಗಳದ್ದೂ ಇದೇ ಕತೆ. ಇವರಿಗೆ ಕೊಡುವುದು ಗೌರವಧನ, ಇಲ್ಲವೇ ಏಜೆನ್ಸಿ ಬಿಲ್. ಬಜೆಟ್ ಪುಸ್ತಕದಲ್ಲಿ ‘ವೇತನ’ ಎಂಬ ಕಾಲಂನಲ್ಲಿ ಅದು ಕಾಣುವುದಿಲ್ಲ. ಜನ ಮಾತ್ರ ಇವರನ್ನೂ ಸರ್ಕಾರಿ ನೌಕರರೆಂದೇ ತಿಳಿದು ಬೈಯುತ್ತಾರೆ.

ಕಾಯಂ ಇರುವವರ ಮೇಲೂ ಒತ್ತಡ ಕಡಿಮೆಯಿಲ್ಲ. ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ಮುಷ್ಕರಕ್ಕೆ ಕೂತರು. ಹತ್ತಾರು ಮೊಬೈಲ್ ಆ್ಯಪ್‌ಗಳ ಕೆಲಸ ಒಬ್ಬರ ಹೆಗಲಿಗೇ ಬಿದ್ದಿದೆ ಎಂಬುದು ಅವರ ಮುಖ್ಯ ದೂರು. ಆ ದಿನಗಳಲ್ಲಿ ಜಾತಿ–ಆದಾಯ ಪ್ರಮಾಣಪತ್ರಕ್ಕೆ ಅಲೆದವರು ರೈತರು, ವಿದ್ಯಾರ್ಥಿಗಳು.

ಪೇಟೆಗೂ ಸಂಬಂಧವಿದೆ

ಪಗಾರವನ್ನು ಬರೀ ಖರ್ಚೆಂದು ನೋಡುವುದೂ ತಪ್ಪು. ಮಳೆ ನಂಬಿದ ತೊಗರಿ, ಬೆಲೆ ನಂಬಿದ ಕಬ್ಬು, ಲಿಂಬೆಯ ನಡುವೆ ಪ್ರತಿ ತಿಂಗಳು ತಪ್ಪದೆ ಪೇಟೆಗೆ ಬರುವ ರೊಕ್ಕ ಶಿಕ್ಷಕರು, ಪೊಲೀಸರು, ಆಸ್ಪತ್ರೆ ಸಿಬ್ಬಂದಿಯದ್ದು. ಕಿರಾಣಿ ಅಂಗಡಿ, ಬಟ್ಟೆ ಅಂಗಡಿ, ಬಾಡಿಗೆ ಮನೆ, ಸೊಸೈಟಿ ಇದರ ಮೇಲೆ ನಡೆಯುತ್ತವೆ. ಒಂದು ಕಾಯಂ ಹುದ್ದೆ ಖಾಲಿ ಉಳಿದರೆ ಇಂಡಿ ಪೇಟೆಗೂ ಅಷ್ಟು ನಷ್ಟ. ನೌಕರರು ವಿಜಯಪುರದಲ್ಲಿ ಮನೆ ಮಾಡಿ ದಿನಾ ಬಸ್ಸಿನಲ್ಲಿ ಓಡಾಡಿದರೂ ಆ ಹಣ ಇಲ್ಲಿ ನಿಲ್ಲುವುದಿಲ್ಲ. ಕೇಂದ್ರಸ್ಥಾನದಲ್ಲಿ ವಾಸಿಸಬೇಕೆಂಬ ಸುತ್ತೋಲೆಗಳು ಇವೆ. ಆದರೆ ಬೆಂಗಳೂರಿನಲ್ಲಿ ಶೇ 20 ಇರುವ ಮನೆ ಬಾಡಿಗೆ ಭತ್ಯೆ ಇಂಥ ಸಣ್ಣ ಊರುಗಳಲ್ಲಿ ಶೇ 7.5. ಊರಲ್ಲಿ ಒಳ್ಳೆಯ ಶಾಲೆ, ಆಸ್ಪತ್ರೆ ಇಲ್ಲ ಎಂದು ನೌಕರರು ನಿಲ್ಲುವುದಿಲ್ಲ. ನೌಕರರು ನಿಲ್ಲದ್ದರಿಂದ ಶಾಲೆ, ಆಸ್ಪತ್ರೆ ಸುಧಾರಿಸುವುದಿಲ್ಲ.

ಮುಂದೇನು ಕೇಳಬೇಕು?

2025ರ ಸೆಪ್ಟೆಂಬರ್‌ನಲ್ಲಿ ಸಂಪುಟವು ಕೃಷ್ಣಾ ಮೇಲ್ದಂಡೆ 3ನೇ ಹಂತಕ್ಕೆ ಭೂಮಿ ಕೊಡುವ ರೈತರಿಗೆ ಎಕರೆಗೆ ಒಣಭೂಮಿಗೆ 30 ಲಕ್ಷ, ನೀರಾವರಿ ಭೂಮಿಗೆ 40 ಲಕ್ಷ ಪರಿಹಾರ ತೀರ್ಮಾನಿಸಿತು. ನಿಡಗುಂದಿ, ಬಾಗೇವಾಡಿ, ಮುದ್ದೇಬಿಹಾಳ ಭಾಗಕ್ಕೆ ಇದು ದೊಡ್ಡ ವಿಷಯ. ಆ ಹಣ ಬರಬೇಕಾದದ್ದು ಸಂಬಳ, ಪಿಂಚಣಿ, ಬಡ್ಡಿ, ಗ್ಯಾರಂಟಿ ಕಳೆದು ಉಳಿದ ಪಾಲಿನಿಂದ ಅಥವಾ ಸಾಲದಿಂದ. ಹಣ ಬಂದರೂ ಜಮೀನು ಅಳೆಯಲು, ಕಡತ ಸಿದ್ಧಪಡಿಸಲು, ಪರಿಹಾರ ಹಂಚಲು ಭೂಸ್ವಾಧೀನ ಕಚೇರಿಯಲ್ಲಿ ಮಂದಿ ಬೇಕು. ಸಂಬಳದ ಪಾಲು ಮತ್ತು ಖಾಲಿ ಹುದ್ದೆ ಎರಡೂ ಒಂದೇ ರೈತನ ಬಾಗಿಲಿಗೆ ಬಂದು ನಿಲ್ಲುವುದು ಹೀಗೆ.

ಇದನ್ನು ಕೇಳಬೇಕಾದ ಜಾಗ ಜಿಲ್ಲಾ, ತಾಲೂಕು ಪಂಚಾಯಿತಿ. ತಾಲೂಕು ಪಂಚಾಯಿತಿ ಅನುದಾನದ ಬಹುಪಾಲು ಶಿಕ್ಷಕರ ಸಂಬಳವೇ. ಆದರೆ 2016ರಲ್ಲಿ ಆರಿಸಿ ಬಂದ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ಆ ಸಭಾಂಗಣಗಳಲ್ಲಿ ಕೂತದ್ದು ಆಡಳಿತಾಧಿಕಾರಿಗಳು. ‘ನಮ್ಮೂರ ಶಾಲೆಯಲ್ಲಿ ಎಷ್ಟು ಹುದ್ದೆ ಮಂಜೂರು, ಎಷ್ಟು ಭರ್ತಿ’ ಎಂದು ಸಭೆಯಲ್ಲಿ ಎದ್ದು ಕೇಳುವ ಸದಸ್ಯನೇ ಇಲ್ಲವಾದ.

60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಕನಿಷ್ಠ ಇಬ್ಬರು ಶಿಕ್ಷಕರಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಈ ಒಂದು ಅಳತೆ ಹಿಡಿದು ಗ್ರಾಮಸಭೆಯಲ್ಲಿ, ಎಸ್‌ಡಿಎಂಸಿ ಸಭೆಯಲ್ಲಿ ಲೆಕ್ಕ ಕೇಳಬಹುದು. ಹತ್ತೂ ತಾಲೂಕುಗಳ ಇಲಾಖಾವಾರು ಮಂಜೂರು, ಭರ್ತಿ, ಖಾಲಿ, ಹೊರಗುತ್ತಿಗೆ ಹುದ್ದೆಗಳ ಪಟ್ಟಿಯನ್ನು ಕಚೇರಿ ಗೋಡೆಗೆ ಹಚ್ಚಿರಿ ಎಂದು ಶಾಸಕರನ್ನು, ಜಿಲ್ಲಾಧಿಕಾರಿಯನ್ನು ಒತ್ತಾಯಿಸಬಹುದು. ಕಾಯಂ ನೌಕರರ ಪಗಾರ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ಜಗಳ ಬೆಂಗಳೂರಿನಲ್ಲಿ ಮುಂದಿನ ವೇತನ ಆಯೋಗದವರೆಗೂ ನಡೆಯಲಿ. ಈ ನಾಲ್ಕು ತಾಲೂಕುಗಳಿಗೆ ಮೊದಲು ಬೇಕಿರುವುದು ಅದೇ ಹಣದಲ್ಲಿ ಎಷ್ಟು ಖುರ್ಚಿ, ಎಲ್ಲಿ, ಯಾವಾಗ ತುಂಬುತ್ತವೆ ಎಂಬ ಉತ್ತರ.