ಕಮ್ಮಟವೋ, ಕುಲುಮೆಯೋ?

ಕಾರ್ಯಾಗಾರವೆಂಬ ಶಬ್ದವು ಈಚಿನ ವರ್ಷಗಳಲ್ಲಿ ನಮ್ಮ ಶಾಲೆಗಳ ಸೂಚನಾಫಲಕವನ್ನು ಬಿಟ್ಟಿಳಿದ ದಿನಗಳು ವಿರಳ. ಸೃಜನಶೀಲತೆಗೊಂದು ಕಾರ್ಯಾಗಾರ, ಕೂಡಿ ದುಡಿಯುವುದನ್ನು ಕಲಿಸಲೊಂದು ಕಾರ್ಯಾಗಾರ, ವಿನ್ಯಾಸಚಿಂತನೆಯೆಂಬ ಹೊಸ ಹೆಸರಿನದು ಮತ್ತೊಂದು. ಇದೇ ಅರ್ಥದಲ್ಲಿ ನಾವು ಬಳಸುವ ಇನ್ನೊಂದು ಮಾತು ಕಮ್ಮಟ. ಕಾವ್ಯಕಮ್ಮಟ, ರಂಗಕಮ್ಮಟ ಎಂದು ಅದು ಇಂದು ಗೌರವದ ಸ್ಥಾನವನ್ನೇ ಪಡೆದಿದೆ. ಆದರೆ ಹಳಗನ್ನಡದಲ್ಲಿ ಕಮ್ಮಟವೆಂದರೆ ಟಂಕಸಾಲೆ. ನಾಣ್ಯಗಳಿಗೆ ಮುದ್ರೆಯೊತ್ತುವ ಸ್ಥಳ. ಟಂಕಸಾಲೆಯ ಧರ್ಮವೇನು? ಒಂದು ನಾಣ್ಯವು ಇನ್ನೊಂದರಂತೆಯೇ ಇರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಅದು ಖೋಟಾ. ಕುಲುಮೆಯ ಧರ್ಮ ಬೇರೆ. ಹುಲ್ಲು ಕೊಯ್ಯುವವಳ ಕತ್ತಿ ಒಂದು ಬಗೆ, ಸೊಪ್ಪು ಕಡಿಯುವವನ ಕತ್ತಿ ಇನ್ನೊಂದು ಬಗೆ. ಬಂದವರ ಕೈಯಳತೆಯನ್ನೂ ಕೆಲಸದ ಸ್ವರೂಪವನ್ನೂ ಕೇಳಿ ತಿಳಿದ ಬಳಿಕವೇ ಅಲ್ಲಿ ಕಬ್ಬಿಣ ಕಾಯುತ್ತದೆ. ನಮ್ಮ ಶಾಲೆಗಳ ಕಾರ್ಯಾಗಾರಗಳು ಕುಲುಮೆಗಳಾಗಬೇಕಾಗಿದ್ದವು. ಅವು ಹಳೆಯ ಅರ್ಥದ ಕಮ್ಮಟಗಳಾಗುತ್ತಿವೆ ಎಂಬುದೇ ಈ ಲೇಖನದ ಆಕ್ಷೇಪ.

ಇದು ಬರಿಯ ಶಬ್ದವಿಲಾಸವಲ್ಲ. ಸಾಮಾನ್ಯವಾಗಿ ನಡೆಯುವ ಕಾರ್ಯಾಗಾರವೊಂದನ್ನು ವಾಚಕರು ಕಣ್ಮುಂದೆ ತಂದುಕೊಳ್ಳಲಿ. ಹೊರಗಿನಿಂದ ಸಂಪನ್ಮೂಲ ವ್ಯಕ್ತಿಗಳು ಬರುತ್ತಾರೆ. ಮಕ್ಕಳಿಗೆ ಒಂದೊಂದು ಪೆಟ್ಟಿಗೆಯನ್ನು ಹಂಚಲಾಗುತ್ತದೆ. ಪೆಟ್ಟಿಗೆಯ ಮುಚ್ಚಳದ ಮೇಲೆ, ಒಳಗಿನ ತುಂಡುಗಳನ್ನು ಜೋಡಿಸಿದರೆ ಏನಾಗಬೇಕೆಂಬ ಚಿತ್ರ. ಮಧ್ಯಾಹ್ನದೊಳಗೆ ನಲವತ್ತು ಮಕ್ಕಳು ನಲವತ್ತು ಒಂದೇ ಬಗೆಯ ಗಾಳಿಯಂತ್ರಗಳನ್ನು ಮಾಡಿ ಮುಗಿಸುತ್ತಾರೆ. ಚಿತ್ರಕ್ಕಿಂತ ಬೇರೆಯಾದುದನ್ನು ಮಾಡಿದ ಹುಡುಗಿಯನ್ನು ತಿದ್ದಲಾಗುತ್ತದೆ. ಆಮೇಲೆ ಪ್ರಶಸ್ತಿಪತ್ರ, ಸಮೂಹಚಿತ್ರ, ವಂದನಾರ್ಪಣೆ. ಸೂಚನೆಯನ್ನು ಓದಿ ಅದರಂತೆ ನಡೆಯುವುದೂ ಒಂದು ಶಿಕ್ಷಣವೇ, ಅದನ್ನು ಹಳಿಯಲಾರೆ. ಆದರೆ ಅದನ್ನು ಸೃಜನಶೀಲತೆಯೆಂದು ಕರೆಯುವುದು ಭಾಷೆಗೆ ಬಗೆದ ಅಪಚಾರ.

ವಿನ್ಯಾಸಚಿಂತನೆಯೆಂಬುದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿನ್ಯಾಸಶಾಲೆಯ ಮೂಲಕ ಬಹುವಾಗಿ ಪ್ರಚಾರಕ್ಕೆ ಬಂದ ಕ್ರಮ. ಅದರ ಹಂತಗಳು ಐದು: ಬಳಸುವವರ ಕಷ್ಟವನ್ನು ಅವರ ಸ್ಥಾನದಲ್ಲಿ ನಿಂತು ಅರಿಯುವುದು, ಸಮಸ್ಯೆಯನ್ನು ಖಚಿತವಾಗಿ ನಿರೂಪಿಸುವುದು, ಹಲವು ಉಪಾಯಗಳನ್ನು ಊಹಿಸುವುದು, ಅಗ್ಗದ ಮಾದರಿಯೊಂದನ್ನು ಕಟ್ಟುವುದು, ಅದನ್ನು ಬಳಸುವವರ ಕೈಗೇ ಕೊಟ್ಟು ಪರೀಕ್ಷಿಸುವುದು. ಹೆಸರು ಹೊಸದಾದರೂ ಇದರಲ್ಲಿ ನಮಗೆ ಅಪರಿಚಿತವಾದುದೇನೂ ಇಲ್ಲ. ಪೆಟ್ಟಿಗೆಯ ಕಾರ್ಯಾಗಾರವು ಬಿಟ್ಟುಬಿಡುವುದು ಮೊದಲನೆಯ ಎರಡು ಹಂತಗಳನ್ನೂ ಕೊನೆಯದನ್ನೂ. ಯಾರಿಗಾಗಿ ಮಾಡುತ್ತಿದ್ದೇವೆಂಬುದನ್ನು ಕೇಳುವುದಿಲ್ಲ. ಮಾಡಿದ್ದು ಅವರಿಗೆ ಉಪಯೋಗಕ್ಕೆ ಬಂದಿತೇ ಎಂಬುದನ್ನು ನೋಡುವುದಿಲ್ಲ. ತಲೆಯೂ ಇಲ್ಲದ ಕಾಲೂ ಇಲ್ಲದ ಮುಂಡವೊಂದೇ ಉಳಿಯುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನಾನಿರುವ ಪಡುಬಿದ್ರಿ ಉಡುಪಿ ಜಿಲ್ಲೆಯ ಕಡಲಂಚಿನ ಊರು. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರ್ ಮಳೆ ಸುರಿಯುತ್ತದೆ. ಮುನ್ನೂರು ಮಕ್ಕಳ ಶಾಲೆಯೆಂದರೆ ಜೂನ್ ತಿಂಗಳಿಂದ ಮುನ್ನೂರು ಒದ್ದೆ ಕೊಡೆಗಳು. ಅವುಗಳನ್ನು ಇಡುವುದೆಲ್ಲಿ? ಇದಕ್ಕಿಂತ ಒಳ್ಳೆಯ ಕಾರ್ಯಾಗಾರದ ವಿಷಯವನ್ನು ನಾನರಿಯೆ. ಮೊದಲನೆಯ ವಾರ ಮಕ್ಕಳು ಏನನ್ನೂ ಮಾಡಕೂಡದು. ಜಗಲಿಯಲ್ಲಿ ನಿಂತು ನೋಡಬೇಕು. ಒಂದನೆಯ ತರಗತಿಯ ಮಗುವಿನ ಕೈ ಮೊಳೆಗೆ ಎಟಕುವುದಿಲ್ಲ. ಕರಿಯ ಕೊಡೆಗಳೆಲ್ಲ ಒಂದೇ ತೆರನಾದುದರಿಂದ ಸಂಜೆ ಅದಲುಬದಲಾಗುತ್ತವೆ. ನೀರು ಜಗಲಿಗೆ ಹರಿದು ಯಾರೋ ಜಾರುತ್ತಾರೆ. ಗುಡಿಸುವ ಆಯಾ ದಿನಕ್ಕೆ ನಾಲ್ಕು ಸಲ ನೆಲವನ್ನು ಒರೆಸಬೇಕಾಗುತ್ತದೆ. ಕೊಡೆಯ ಸಮಸ್ಯೆಯೆಂದು ಹೊರಟದ್ದು ಒಂದೇ ಸಮಸ್ಯೆಯಲ್ಲ, ನಾಲ್ಕು ಎಂಬುದು ಆಗ ತಿಳಿಯುತ್ತದೆ. ಯಾವುದನ್ನು ಮೊದಲು ಪರಿಹರಿಸಬೇಕೆಂಬ ಚರ್ಚೆಯೇ ಅರ್ಧ ಶಿಕ್ಷಣ. ಆಮೇಲೆ ರಟ್ಟಿನಲ್ಲೊಂದು ಮಾದರಿ, ಅಡಕೆಯ ದಬ್ಬೆಯಲ್ಲಿ ಇನ್ನೊಂದು. ಒಂದನೆಯ ತರಗತಿಯ ಮಕ್ಕಳು ತಮ್ಮ ಕೊಡೆಗಳನ್ನು ತಾವೇ ಇಟ್ಟು ತಾವೇ ತೆಗೆದುಕೊಂಡು ಹೋದರೆ ತೇರ್ಗಡೆ. ಇಲ್ಲವಾದರೆ ಬಿಚ್ಚಿ ಮತ್ತೆ ಕಟ್ಟಬೇಕು. ಇಲ್ಲಿ ಅಂಕ ಕೊಡುವವರು ಉಪಾಧ್ಯಾಯರಲ್ಲ, ಆರು ವರ್ಷದ ಮಗು. ಇದಕ್ಕೆ ತಗಲುವ ವೆಚ್ಚವೆಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ಸೃಜನಶೀಲತೆ ಹುಟ್ಟಿನಿಂದ ಬರುವುದು, ಅದನ್ನು ಕಲಿಸಲಾಗದು ಎಂದು ಹೇಳುವವರುಂಟು. ಅವರಿಗೆ ನಮ್ಮ ಅಲಂಕಾರಶಾಸ್ತ್ರವೇ ಉತ್ತರ ಹೇಳಿದೆ. ಕಾವ್ಯಕ್ಕೆ ಕಾರಣವಾವುದು ಎಂಬ ಪ್ರಶ್ನೆಗೆ ಮಮ್ಮಟನು ಕಾವ್ಯಪ್ರಕಾಶದಲ್ಲಿ ಶಕ್ತಿ, ನಿಪುಣತೆ, ಅಭ್ಯಾಸಗಳೆಂಬ ಮೂರನ್ನು ಹೇಳಿ, ಅವು ಬೇರೆ ಬೇರೆಯಾದ ಮೂರು ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣವೆಂದು ನಿರ್ಣಯಿಸುತ್ತಾನೆ. ಶಕ್ತಿ ಹುಟ್ಟಿನದು, ನಿಪುಣತೆಯಾದರೋ ಲೋಕವನ್ನೂ ಶಾಸ್ತ್ರಗಳನ್ನೂ ಹಿರಿಯರ ಕೃತಿಗಳನ್ನೂ ಕಣ್ತೆರೆದು ನೋಡುವುದರಿಂದ ಬರುವಂಥದು, ಅಭ್ಯಾಸವೆಂದರೆ ಬಲ್ಲವರ ಶಿಕ್ಷಣದಲ್ಲಿ ಮತ್ತೆ ಮತ್ತೆ ಮಾಡುವುದು. ಈ ಪಟ್ಟಿಯಲ್ಲಿ ಲೋಕಕ್ಕೆ ಮೊದಲ ಸ್ಥಾನವಿರುವುದು ಗಮನಾರ್ಹ. ಜಗಲಿಯಲ್ಲಿ ನಿಂತು ಕೊಡೆಗಳನ್ನು ನೋಡುವುದೂ ಲೋಕಾವಲೋಕನವೇ. ಶಕ್ತಿಯನ್ನು ಕೊಡುವುದು ಶಾಲೆಯ ಕೈಯಲ್ಲಿಲ್ಲ. ಉಳಿದೆರಡನ್ನು ಕೊಡದಿರುವ ಅಧಿಕಾರ ಶಾಲೆಗಿಲ್ಲ.

ಇನ್ನು ಕೂಡಿ ದುಡಿಯುವ ವಿಚಾರ. ಇದನ್ನು ಕಲಿಸಲು ಕುರ್ಚಿಗಳ ಸುತ್ತ ಓಡಿಸುವ ಆಟಗಳನ್ನು ಆಡಿಸುತ್ತಾರೆ. ಆಟ ಒಳ್ಳೆಯದೇ. ಆದರೆ ನಮ್ಮ ಕಡಲ ತೀರದಲ್ಲಿ ಇಂದಿಗೂ ಕೈರಂಪಣಿಯನ್ನು ಎಳೆಯುವವರುಂಟು. ಮಕ್ಕಳನ್ನು ಅಲ್ಲಿಗೊಮ್ಮೆ ಕರೆದೊಯ್ಯಬಾರದೇಕೆ? ಬಲೆಯ ಹಗ್ಗದ ಒಂದು ತುದಿ ದಡದಲ್ಲಿರುತ್ತದೆ. ದೋಣಿಯು ಅರ್ಧಚಂದ್ರಾಕಾರವಾಗಿ ಬಲೆಯನ್ನು ಬಿಡುತ್ತ ಹೋಗಿ ಇನ್ನೊಂದು ತುದಿಯನ್ನು ದಡಕ್ಕೆ ತರುತ್ತದೆ. ಎರಡು ಗುಂಪುಗಳು ಎರಡು ಹಗ್ಗಗಳನ್ನು ಎಳೆಯುತ್ತವೆ. ಒಂದು ಗುಂಪು ತನ್ನ ಬಲವನ್ನು ಮೆರೆಯಲು ಬೇಗ ಎಳೆದರೆ ಬಲೆ ಓರೆಯಾಗುತ್ತದೆ, ಮೀನು ತಪ್ಪಿಸಿಕೊಳ್ಳುತ್ತದೆ. ಬಲಿಷ್ಠನು ದುರ್ಬಲನ ಗತಿಗೆ ತನ್ನ ಗತಿಯನ್ನು ಹೊಂದಿಸಿಕೊಳ್ಳಬೇಕೆಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಭಾಷಣವೂ ಹೇಳಲಾರದು. ಹತ್ತಾರು ಜನರು ಕೂಡಿ ಎಳೆಯುತ್ತಿದ್ದ ದೊಡ್ಡ ರಂಪಣಿಗಳು ೧೯೭೦ರ ದಶಕದ ಉತ್ತರಾರ್ಧದಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆಗಳು ಬಂದ ಮೇಲೆ ಹಿಂದೆ ಸರಿದವು. ಆ ಬಲೆಯೊಡನೆ ಮೀನುಗಾರಿಕೆಯ ಒಂದು ವಿಧಾನ ಮಾತ್ರವಲ್ಲ, ಸಮಗತಿಯ ಒಂದು ಶಿಕ್ಷಣವೂ ಕ್ಷೀಣಿಸಿತು.

ಇದೇ ಊರಿನ ಇನ್ನೊಂದು ನಿದರ್ಶನ ಬ್ರಹ್ಮಸ್ಥಾನದ ಢಕ್ಕೆಬಲಿ. ಅದರ ಆರಾಧನೆಯ ತತ್ತ್ವವನ್ನು ಇಲ್ಲಿ ಚರ್ಚಿಸುತ್ತಿಲ್ಲ. ಕೈಗೆಲಸದ ದೃಷ್ಟಿಯಿಂದಷ್ಟೇ ನೋಡುತ್ತಿದ್ದೇನೆ. ಅಲ್ಲಿ ಗೋಪುರವಿಲ್ಲ, ಮಾಡಿಲ್ಲ. ಮರಗಳ ನಡುವಿನ ಬಯಲೇ ಆಲಯ. ಎರಡು ವರ್ಷಗಳಿಗೊಮ್ಮೆ ಆ ಬಯಲು ಹಿಂಗಾರ, ಬಾಳೆ, ಹಣ್ಣುಹಂಪಲು, ಹೂವು, ಎಲೆಗಳಿಂದ ಶೃಂಗಾರಗೊಳ್ಳುತ್ತದೆ. ಊರಿನಲ್ಲಿ ಬೆಳೆದುದರಿಂದಲೇ ಕಟ್ಟಿದ ಆ ಶೋಭೆ ಬಾಡಿ ಹೋಗುತ್ತದೆ. ಮುಂದಿನ ಸಲ ಹೊಸತಾಗಿ ಕಟ್ಟಬೇಕು. ನಿರ್ಬಂಧವು ಪ್ರತಿಭೆಗೆ ಶತ್ರುವಲ್ಲ ಎಂಬುದಕ್ಕೆ ಇದು ಸಾಕ್ಷಿ. ಎಲ್ಲ ಸಾಮಗ್ರಿಯೂ ಕೈಗೆ ಸಿಕ್ಕಿದಾಗ ಮನಸ್ಸು ಸೋಮಾರಿಯಾಗುತ್ತದೆ. ಛಂದಸ್ಸಿನ ಕಟ್ಟು ಕವಿಗೆ ಹೇಗೋ, ಅಡಕೆಯ ಹಾಳೆಯೂ ತೆಂಗಿನ ಮಡಲೂ ಮಾತ್ರವೇ ಎಂಬ ಕಟ್ಟು ಮಗುವಿನ ಕೈಗೆ ಹಾಗೆ.

ಇಷ್ಟೆಲ್ಲ ತಿಳಿದಿದ್ದೂ ನಮ್ಮ ಶಾಲೆಗಳಲ್ಲಿ ಕೈಯ ಕಲಿಕೆ ಏಕೆ ನೆಲೆಗೊಳ್ಳಲಿಲ್ಲ? ಗಾಂಧೀಜಿಯವರು ೧೯೩೭ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸಮ್ಮೇಳನವನ್ನು ಕರೆದು, ಉಪಯುಕ್ತ ಕಸುಬನ್ನೇ ಶಿಕ್ಷಣದ ಕೇಂದ್ರವಾಗಿಸಬೇಕೆಂದರು, ಡಾ. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮವನ್ನು ರೂಪಿಸಿತು. ಅದೇ ದಶಕದಲ್ಲಿ ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದಲ್ಲಿ ಆಟ, ನಾಟಕ, ಚಿತ್ರಗಳಿಗೆ ಎಡೆಮಾಡಿದರು. ಅವರ ಬಾಲವನ ಇಂದಿಗೂ ಆ ಪ್ರಯೋಗದ ಸ್ಮಾರಕ. ಆದರೂ ವೇಳಾಪಟ್ಟಿಯಲ್ಲಿ ಉಳಿದುದು ಕೈಗೆಲಸದ ಒಂದು ಅವಧಿ. ಪರೀಕ್ಷೆ ಹತ್ತಿರವಾದೊಡನೆ ಅದನ್ನೂ ಗಣಿತಕ್ಕೆ ಬಿಟ್ಟುಕೊಡುವುದು ವಾಡಿಕೆ. ಇದಕ್ಕೆ ಕಾರಣ ಸಮಯಾಭಾವವೊಂದೇ ಅಲ್ಲ. ಕೈಯಿಂದ ದುಡಿಯುವವನು ಓದಿದವನಿಗಿಂತ ಕೀಳು ಎಂಬ ಭಾವನೆ ನಮ್ಮ ಸಮಾಜದಲ್ಲಿ ಆಳವಾಗಿ ಬೇರೂರಿದೆ. ನಮ್ಮ ಮಗ ಬುಟ್ಟಿ ಹೆಣೆಯುವುದನ್ನು ಕಲಿಯಲು ಶಾಲೆಗೆ ಬರಬೇಕೇ ಎಂದು ಕೇಳುವ ಪಾಲಕರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಎಂದು ಕಸುಬಿನ ಹೆಸರನ್ನೇ ಕಿರೀಟದಂತೆ ಧರಿಸಿದ ಹನ್ನೆರಡನೆಯ ಶತಮಾನದ ಶರಣರನ್ನು ನಿತ್ಯ ಸ್ಮರಿಸುವ ವಿದ್ಯಾಸಂಸ್ಥೆಯಲ್ಲಾದರೂ ಈ ಪ್ರಶ್ನೆಗೆ ನಿಸ್ಸಂಕೋಚವಾದ ಉತ್ತರ ಸಿಗಬೇಕು. ಕಾಯಕವನ್ನು ಜಯಂತಿಯ ಭಾಷಣದಲ್ಲಿ ಹೊಗಳಿ, ತರಗತಿಯಲ್ಲಿ ಉಳಿಯನ್ನು ಮುಟ್ಟಗೊಡದಿದ್ದರೆ ಅದು ಆತ್ಮವಂಚನೆ.

ಸರಕಾರದ ಕಡೆಯಿಂದ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ೨೦೧೬ರಲ್ಲಿ ಕೇಂದ್ರದ ಅಟಲ್ ಇನ್ನೋವೇಷನ್ ಮಿಷನ್ ಆರಂಭವಾಗಿ, ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಿಗೆಂದು ಆಯ್ಕೆಯಾದ ಶಾಲೆಗೆ ೨೦ ಲಕ್ಷ ರೂಪಾಯಿಗಳವರೆಗೆ ನೆರವನ್ನು ಗೊತ್ತುಮಾಡಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯವರೆಗಿನ ಅವಧಿಯಲ್ಲಿ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಂದು ಊರಿನ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕೆಂದಿತು. ಎರಡೂ ಸ್ವಾಗತಾರ್ಹ. ಆದರೆ ಯಂತ್ರವು ಬೀರುವಿನಲ್ಲಿ ಬೀಗದೊಳಗೆ ಕುಳಿತರೆ ಲಕ್ಷಗಳಿಂದ ಫಲವಿಲ್ಲ. ಕೊಡೆಯ ಸಮಸ್ಯೆಯನ್ನು ನೋಡಬಲ್ಲ ಕಣ್ಣು ಇದ್ದರೆ ದಬ್ಬೆಯೇ ಸಾಕು.

ಇಲ್ಲಿ ಉಪಾಧ್ಯಾಯರದೊಂದು ನ್ಯಾಯವಾದ ಆಕ್ಷೇಪವಿದೆ. ಎಸ್.ಎಸ್.ಎಲ್.ಸಿ. ಫಲಿತಾಂಶದಿಂದಲೇ ಶಾಲೆಯನ್ನು ಅಳೆಯುವವರು ಇರುವಾಗ ವಾರಗಟ್ಟಲೆ ಕೊಡೆಯ ವಿಚಾರದಲ್ಲಿ ಕಳೆಯುವುದು ಹೇಗೆ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನನ್ನ ಸಮಾಧಾನವಿಷ್ಟೇ: ಹತ್ತನೆಯ ತರಗತಿಯನ್ನು ಬಿಡಿ, ಆರು, ಏಳು, ಎಂಟನೆಯ ತರಗತಿಗಳಿಗೆ ವಾರಕ್ಕೆರಡು ಅವಧಿಗಳನ್ನು ವರ್ಷವಿಡೀ ಕೊಡಿ, ಅದನ್ನು ಯಾವ ಕಾರಣಕ್ಕೂ ಕಸಿಯಬೇಡಿ. ಅಲ್ಲದೆ ಈ ಕೆಲಸ ಪಾಠದ ಹೊರಗಿನದೂ ಅಲ್ಲ. ಕೊಡೆಗಳನ್ನು ಎಣಿಸುವುದು, ಎತ್ತರ ಅಳೆಯುವುದು, ದಬ್ಬೆಯ ಭಾರ ತಾಳಿಕೆಯನ್ನು ನೋಡುವುದು ಗಣಿತ, ವಿಜ್ಞಾನಗಳಲ್ಲದೆ ಮತ್ತೇನು?

ಭಾಷಾಪಂಡಿತರಿಗೂ ಇಲ್ಲಿ ಪಾಲುಂಟು. ಒರೆಗೆ ಹಚ್ಚು, ಸಾಣೆ ಹಿಡಿ, ಎರಕ ಹೊಯ್, ಬೆಣೆ ಹೊಡೆ, ಹದವರಿ ಎಂಬ ನುಡಿಗಟ್ಟುಗಳೆಲ್ಲ ಕೈಗೆಲಸದ ಮನೆಯಿಂದ ಕನ್ನಡಕ್ಕೆ ಬಂದವು. ಒರೆಗಲ್ಲನ್ನೂ ಬೆಣೆಯನ್ನೂ ಕಾಣದ ಮಗು ಅವುಗಳನ್ನು ಅರ್ಥಕೋಶದಿಂದ ಬಾಯಿಪಾಠ ಮಾಡುತ್ತದೆ. ಮಾಡಿದ್ದನ್ನು ಕುರಿತು, ವಿಶೇಷವಾಗಿ ಕೆಟ್ಟುಹೋದುದನ್ನು ಕುರಿತು, ಮಕ್ಕಳು ಒಂದು ಪುಟ ಕನ್ನಡದಲ್ಲಿ ಬರೆಯಲಿ. ಏನೆಂದುಕೊಂಡಿದ್ದೆವು, ಏನಾಯಿತು, ಏಕಾಯಿತು ಎಂಬ ಮೂರೇ ಪ್ರಶ್ನೆಗಳು. ಪ್ರಬಂಧರಚನೆಗೆ ಇದಕ್ಕಿಂತ ಸತ್ಯವಾದ ವಿಷಯವಿಲ್ಲ.

ಕಾರ್ಯಾಗಾರವನ್ನು ನಡೆಸುವವರಲ್ಲಿ ಮುಖ್ಯವಾಗಿ ಇರಬೇಕಾದ ಗುಣ ಜಾಣ್ಮೆಯಲ್ಲ, ತಾಳ್ಮೆ. ಮಗುವಿನ ಗಂಟು ಸಡಿಲವಾಗುತ್ತಿರುವುದನ್ನು ಕಂಡೂ ಕೈ ಚಾಚದೆ ನಿಲ್ಲುವುದು ಕಷ್ಟ; ಆದರೆ ಗಂಟು ಬಿಚ್ಚಿದ ಮೇಲೆ ಮಗು ತಾನಾಗಿ ಕೇಳುವ ಪ್ರಶ್ನೆಯೇ ಕಲಿಕೆಯ ಬಾಗಿಲು. ಅಪಾಯವಿರುವಲ್ಲಿ ಮಾತ್ರ ತಡೆಯಬೇಕು, ಉಳಿದೆಡೆ ಕಾಯಬೇಕು. ಗುಂಪಿನಲ್ಲಿ ಮಾತಾಡುವವನೇ ಎಲ್ಲವನ್ನೂ ಮಾಡಿ, ಮೌನಿಯಾದವಳು ಅಂಟು ಹಿಡಿದು ನಿಲ್ಲುವ ಪರಿಸ್ಥಿತಿ ಬಾರದಂತೆ ಕೆಲಸಗಳನ್ನು ಸರದಿಯಲ್ಲಿ ಹಂಚಬೇಕು.

ಕೊನೆಯದಾಗಿ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ಬಿನ್ನಹ. ಸಭಾಭವನಗಳನ್ನು ಕಟ್ಟಿಸಿಕೊಟ್ಟ ಔದಾರ್ಯಕ್ಕೆ ವಿದ್ಯಾಸಂಸ್ಥೆಗಳು ಋಣಿಯಾಗಿವೆ. ಇನ್ನು ಮುಂದೆ ಒಂದು ಮಾಡು, ನಾಲ್ಕು ಗಟ್ಟಿ ಮೇಜು, ಗರಗಸ, ಉಳಿ, ಸುತ್ತಿಗೆಗಳು, ಹಾಗೂ ತಿಂಗಳಿಗೆ ಕೆಲವು ದಿನ ಬಂದು ಕಲಿಸುವ ಊರಿನ ಬಡಗಿಗೂ ಬುಟ್ಟಿ ಹೆಣೆಯುವ ಅಜ್ಜಿಗೂ ಯೋಗ್ಯವಾದ ಗೌರವಧನ ಇವುಗಳಿಗೆ ದಾನ ಮಾಡಿರಿ. ಅವರನ್ನು ಅತಿಥಿ ಉಪಾಧ್ಯಾಯರೆಂದೇ ಕರೆದು, ಉಪಾಧ್ಯಾಯರ ಕೋಣೆಯಲ್ಲಿಯೇ ಕುಳ್ಳಿರಿಸಿರಿ. ಆ ಕುರ್ಚಿಯೇ ಮಕ್ಕಳಿಗೆ ಮೊದಲನೆಯ ಪಾಠ. ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರರೂ ದರ್ಜಿಗಳೂ ಕೃಷಿಕರೂ ಇದ್ದೀರಿ. ವರ್ಷಕ್ಕೆ ಎರಡು ಶನಿವಾರಗಳನ್ನು ಕೊಡಿರಿ. ಪ್ರವಾಸದ ವೇಳೆ ಮಕ್ಕಳನ್ನು ಮಣಿಪಾಲಕ್ಕೆ ಕರೆತನ್ನಿರಿ. ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದ ಪಾರಂಪರಿಕ ಗ್ರಾಮದಲ್ಲಿ, ಮರವು ಮರವನ್ನು ಹೇಗೆ ಹಿಡಿದುಕೊಂಡಿದೆಯೆಂಬುದನ್ನು ಅವರು ಕೈಯಾರೆ ಅಲ್ಲವಾದರೂ ಕಣ್ಣಾರೆ ನೋಡಲಿ.

ಬರುವ ವರ್ಷದ ಸಂಚಿಕೆಯಲ್ಲಿ ಕಾರ್ಯಾಗಾರಗಳ ಸಂಖ್ಯೆಯನ್ನು ಅಚ್ಚುಮಾಡುವ ಬದಲು ಮಕ್ಕಳು ಮಾಡಿದ ಒಂದೇ ಒಂದು ವಸ್ತುವಿನ ಚಿತ್ರವನ್ನು, ಅದಕ್ಕೆ ಮೊದಲು ಮುರಿದ ಮೂರು ಮಾದರಿಗಳ ಚಿತ್ರಗಳೊಡನೆ, ಅಚ್ಚುಮಾಡಲಿ. ಅದನ್ನು ನೋಡುವ ದಾನಿಗಳಿಗೆ ತಮ್ಮ ಹಣ ಎಲ್ಲಿ ಹೋಯಿತೆಂದು ಬೇರೆ ಲೆಕ್ಕ ಒಪ್ಪಿಸಬೇಕಾಗಿಲ್ಲ.